ನಡಿಗೆ ಬೇಗ, ಕಬಡ್ಡಿ ತಡ

ಮೊಣಕಾಲಿನ ರಜ್ಜು ಹರಿದು ಆಪರೇಷನ್ ಆದ ಮೇಲೆ ಯಾವ ವ್ಯಾಯಾಮ, ಯಾವಾಗ, ಯಾಕೆ?

ಕಳೆದ ಡಿಸೆಂಬರ್ ತಿಂಗಳ ಒಂದು ಸಂಜೆ. ಶಾಲೆ ಬಿಟ್ಟ ಮೇಲೆ ಲ್ಯಾಬಿಗೆ ಬೀಗ ಹಾಕುತ್ತಿದ್ದೆ. ಪ್ಲಸ್ ವನ್ ತರಗತಿಯ ಹುಡುಗನೊಬ್ಬ ಬಾಗಿಲ ಹತ್ತಿರ ಬಂದು ನಿಂತ. ನಮ್ಮ ಕಬಡ್ಡಿ ತಂಡದ ರೈಡರ್ ಅವನು.

"ಸರ್, ಒಂದು ಉಪಕಾರ ಆಗ್ಬೇಕಿತ್ತು. ಅಮ್ಮನತ್ರ ನೀವೊಮ್ಮೆ ಹೇಳ್ಬೇಕು."

"ಎಂತ ಹೇಳ್ಬೇಕು?"

"ಬರುವ ತಿಂಗಳು ನಮ್ಮೂರಲ್ಲಿ ಹೊನಲು ಬೆಳಕಿನ ಕಬಡ್ಡಿ ಉಂಟು. ಕ್ಲಬ್ಬಿನವರು ಕರೀತಾ ಇದ್ದಾರೆ. ಅಮ್ಮ ಬಿಡುದಿಲ್ಲ. ಕಾಲು ಈಗ ಸರಿಯಾಗಿದೆ ಸರ್, ನೋವೇ ಇಲ್ಲ. ನೋಡಿ." ಹೀಗೆ ಹೇಳಿ ವರಾಂಡದಲ್ಲಿ ಹತ್ತು ಹೆಜ್ಜೆ ಓಡಿ ತೋರಿಸಿದ.

ಜುಲೈ ತಿಂಗಳಲ್ಲಿ ಅಭ್ಯಾಸದ ಹೊತ್ತಿಗೆ ಅವನ ಎಡ ಮೊಣಕಾಲು ತಿರುಚಿತ್ತು. ಯಾರೂ ಹಿಡಿದಿರಲಿಲ್ಲ, ಯಾರೂ ದೂಡಿರಲಿಲ್ಲ. ಒಬ್ಬನನ್ನು ಮುಟ್ಟಿ ನಡುಗೆರೆಯ ಕಡೆಗೆ ಗಕ್ಕನೆ ತಿರುಗಿದ. ಪಾದ ನೆಲದಲ್ಲಿ ಊರಿಕೊಂಡೇ ಇತ್ತು, ಮೈ ಮಾತ್ರ ತಿರುಗಿತು. 'ಟಪ್' ಎಂದ ಸದ್ದು ಅವನಿಗೇ ಕೇಳಿಸಿತಂತೆ. ಎರಡು ಗಂಟೆಯೊಳಗೆ ಮೊಣಕಾಲು ತೆಂಗಿನಕಾಯಿಯ ಹಾಗೆ ಬಾತಿತ್ತು. ಆಗಸ್ಟ್ ನಡುವಿನಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಈಗ ನಾಲ್ಕು ತಿಂಗಳು.

ನಾನು ಭೌತಶಾಸ್ತ್ರದ ಮಾಷ್ಟ್ರು, ವೈದ್ಯನಲ್ಲ. ಹಾಗಾಗಿ ಅವನಿಗೆ "ಆಡು" ಅಂತಲೂ ಹೇಳಲಿಲ್ಲ, "ಆಡಬೇಡ" ಅಂತಲೂ ಹೇಳಲಿಲ್ಲ. ಆ ವಾರ ಅವನು ಫಿಸಿಯೋಥೆರಪಿಗೆ ಹೋಗುವಾಗ ನಾನೂ ಅದೇ ಬಸ್ಸು ಹತ್ತಿದೆ. ಅಲ್ಲಿ ಕೇಳಿದ್ದು, ಆಮೇಲೆ ಓದಿ ತಿಳಿದುಕೊಂಡದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಕಬಡ್ಡಿ, ಫುಟ್‌ಬಾಲ್, ವಾಲಿಬಾಲ್ ಆಡದ ಶಾಲೆ ನಮ್ಮ ಜಿಲ್ಲೆಯಲ್ಲಿ ಇಲ್ಲ. ಆದ್ದರಿಂದ ಇದು ಅವನೊಬ್ಬನ ಕತೆಯಲ್ಲ.

ಮೊಣಕಾಲಿನ ಒಳಗೆ ಏನಿದೆ?

ಮೇಲಿನಿಂದ ಫೀಮರ್ ಎಂಬ ತೊಡೆಯ ಎಲುಬು ಬರುತ್ತದೆ, ಕೆಳಗಿನಿಂದ ಟಿಬಿಯಾ ಎಂಬ ಕಣಕಾಲಿನ ಎಲುಬು. ಎರಡೂ ಸೇರುವಲ್ಲಿ ಮುಂದುಗಡೆ ಮಂಡಿಚಿಪ್ಪು. ಫೀಮರಿನ ತುದಿ ಉರುಟಾಗಿದೆ, ಟಿಬಿಯಾದ ತಲೆ ಬಹುಮಟ್ಟಿಗೆ ಚಪ್ಪಟೆ. ಚಪ್ಪಟೆ ಕಲ್ಲಿನ ಮೇಲೆ ಉರುಟು ಕಲ್ಲು ಇಟ್ಟರೆ ನಿಲ್ಲುತ್ತದೆಯೇ? ಜಾರುತ್ತದೆ. ಜಾರದಂತೆ ಹಿಡಿದಿಡುವುದು ನಾಲ್ಕು ಮುಖ್ಯ ಅಸ್ಥಿರಜ್ಜುಗಳು. ಎಲುಬಿನಿಂದ ಎಲುಬಿಗೆ ಕಟ್ಟಿದ ಹಗ್ಗಗಳೆಂದು ತಿಳಿಯಿರಿ. ಎರಡು ಬದಿಗಳಲ್ಲಿ ಒಂದೊಂದು. ಇನ್ನೆರಡು ಕೀಲಿನ ನಡುವಿನಲ್ಲಿ ಒಂದನ್ನೊಂದು ಅಡ್ಡ ಹಾಯುತ್ತವೆ, ಗುಣಾಕಾರ ಚಿಹ್ನೆಯ ಹಾಗೆ. ಅವುಗಳಲ್ಲಿ ಮುಂದಿನದು ಆಂಟೀರಿಯರ್ ಕ್ರೂಸಿಯೇಟ್ ಲಿಗಮೆಂಟ್. ಕ್ರೀಡಾ ಸುದ್ದಿಯಲ್ಲಿ ಎಸಿಎಲ್ ಅಂತ ಓದುತ್ತೀರಲ್ಲ, ಅದೇ ಇದು.

ಇದರ ಉದ್ದ ಸುಮಾರು 3 ಸೆಂಟಿಮೀಟರ್, ಅಗಲ ಸುಮಾರು 1 ಸೆಂಟಿಮೀಟರ್. ಅಂದರೆ ನಿಮ್ಮ ಕಿರುಬೆರಳಿನ ಅರ್ಧ. ಆದರೆ ಬಲ ನೋಡಿ. ಎಳೆ ಪ್ರಾಯದವರ ಎಸಿಎಲ್ ಹರಿಯಬೇಕಾದರೆ ಸುಮಾರು 2160 ನ್ಯೂಟನ್ ಬಲ ಬೇಕೆಂದು 1991ರಲ್ಲಿ ಪ್ರಕಟವಾದ ಒಂದು ಅಳತೆ ಹೇಳುತ್ತದೆ. 9.8ರಿಂದ ಭಾಗಿಸಿ ನೋಡಿ. ಸುಮಾರು 220 ಕಿಲೋಗ್ರಾಂ ತೂಕಕ್ಕೆ ಸಮ. ಇದರ ಕೆಲಸ ಎರಡು: ಟಿಬಿಯಾ ಮುಂದಕ್ಕೆ ಜಾರದಂತೆ ತಡೆಯುವುದು, ಮೊಣಕಾಲು ಅತಿಯಾಗಿ ತಿರುಚದಂತೆ ತಡೆಯುವುದು. ನೇರ ದಾರಿಯಲ್ಲಿ ನಡೆಯುವಾಗ ಅದಕ್ಕೆ ಹೆಚ್ಚು ಕೆಲಸವಿಲ್ಲ. ಓಡುತ್ತಾ ಓಡುತ್ತಾ ಒಮ್ಮೆಲೆ ನಿಂತಾಗ, ತಿರುಗಿದಾಗ, ಜಿಗಿದು ಇಳಿದಾಗ ಅದಕ್ಕೆ ಪರೀಕ್ಷೆ. ಕಬಡ್ಡಿಯಲ್ಲಿ ಇವಲ್ಲದೆ ಬೇರೆ ಎಂತ ಉಂಟು ಹೇಳಿ!

ಚರ್ಮ ಹರಿದರೆ ಕೂಡಿಕೊಳ್ಳುತ್ತದೆ, ಎಲುಬು ಮುರಿದರೂ ಕೂಡಿಕೊಳ್ಳುತ್ತದೆ. ಪೂರ್ತಿ ಹರಿದ ಎಸಿಎಲ್ ಮಾತ್ರ ಹೆಚ್ಚಾಗಿ ಕೂಡಿಕೊಳ್ಳುವುದಿಲ್ಲ. ಗಾಯ ಮಾಯಬೇಕಾದರೆ ಎರಡು ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ಸೇತುವೆಯಾಗಬೇಕು. ಆದರೆ ಎಸಿಎಲ್ ಇರುವುದು ಕೀಲಿನ ದ್ರವದ ನಡುವೆ. ಆ ದ್ರವ ಹೆಪ್ಪನ್ನು ನಿಲ್ಲಲು ಬಿಡುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸಕರು ಹರಿದುದನ್ನು ಹೊಲಿಯುವ ಬದಲು ಹೆಚ್ಚಾಗಿ ಹೊಸ ರಜ್ಜುವನ್ನೇ ಹಾಕುತ್ತಾರೆ. ರೋಗಿಯ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವಿನ ಒಂದು ಪಟ್ಟಿ ತೆಗೆದು, ಎರಡೂ ಎಲುಬುಗಳಲ್ಲಿ ಸುರಂಗ ಕೊರೆದು, ಅದರೊಳಗೆ ಹಾಯಿಸಿ ಬಿಗಿಯುತ್ತಾರೆ. ಅದಕ್ಕೆ ಕಸಿ ಅನ್ನೋಣ.

ಎಲ್ಲರಿಗೂ ಆಪರೇಷನ್ ಬೇಕೇ ಬೇಕೆಂದಿಲ್ಲ. 2010ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಒಂದು ಅಧ್ಯಯನದಲ್ಲಿ 121 ಮಂದಿ ಯುವಕ ಯುವತಿಯರಲ್ಲಿ ಒಂದು ಗುಂಪಿಗೆ ಬೇಗನೆ ಆಪರೇಷನ್ ಮಾಡಿ ವ್ಯಾಯಾಮ ಕೊಟ್ಟರು. ಇನ್ನೊಂದು ಗುಂಪಿಗೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮಾತ್ರ ಆಪರೇಷನ್. ಎರಡು ವರ್ಷದ ಬಳಿಕ ಎರಡೂ ಗುಂಪಿನವರ ಸ್ಥಿತಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಎರಡನೆಯ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಷ್ಟರವರೆಗೆ ಆಪರೇಷನ್ ಬೇಕಾಗಿರಲಿಲ್ಲ. ಯಾರಿಗೆ ಯಾವುದು ಎಂಬುದನ್ನು ವೈದ್ಯರು ನೋಡಿ ಹೇಳಬೇಕು. ಎರಡು ದಾರಿಯಲ್ಲೂ ವ್ಯಾಯಾಮವಂತೂ ತಪ್ಪುವುದಿಲ್ಲ ಎಂಬುದನ್ನು ಗಮನಿಸಿ.

ಮಾತು ಕೇಳದ ರೋಗಿಗಳು

1970-80ರ ದಶಕಗಳಲ್ಲಿ ಈ ಆಪರೇಷನ್ ಆದವರ ಕಾಲನ್ನು ಪ್ಲಾಸ್ಟರಿನಲ್ಲಿ ಕಟ್ಟಿ ವಾರಗಟ್ಟಲೆ ಇಡುತ್ತಿದ್ದರು. ಹೊಸ ರಜ್ಜು ಅಲುಗಬಾರದು ಎಂಬ ಲೆಕ್ಕ. ಕೇಳುವಾಗ ಸರಿ ಅಂತಲೇ ಕಾಣುತ್ತದೆ. ಆದರೆ ಪ್ಲಾಸ್ಟರ್ ಬಿಚ್ಚಿದಾಗ ಮೊಣಕಾಲು ತುಕ್ಕು ಹಿಡಿದ ಬಾಗಿಲ ತಿರುಗಣೆಯ ಹಾಗೆ ಬಿಗಿದಿರುತ್ತಿತ್ತು. ತೊಡೆ ಸಣಕಲಾಗಿರುತ್ತಿತ್ತು. ಕೆಲವರಿಗೆ ಕಾಲು ಪೂರ್ತಿ ನೇರವಾಗುತ್ತಲೇ ಇರಲಿಲ್ಲ.

ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಶಸ್ತ್ರಚಿಕಿತ್ಸಕ ಡೊನಾಲ್ಡ್ ಶೆಲ್ಬೋರ್ನ್ ಒಂದು ವಿಚಿತ್ರ ಗಮನಿಸಿದರು. ಅವರ ರೋಗಿಗಳಲ್ಲಿ ಕೆಲವರು ಹೇಳಿದ ಮಾತು ಕೇಳುತ್ತಿರಲಿಲ್ಲ. ಕಟ್ಟು ಬಿಚ್ಚಿ ನಡೆಯುತ್ತಿದ್ದರು, ಹೇಳಿದ್ದಕ್ಕಿಂತ ಮೊದಲೇ ಕಾಲು ಮಡಚಿ ಬಿಡಿಸುತ್ತಿದ್ದರು. ಅವರ ಗತಿ ಕೆಡಬೇಕಿತ್ತಲ್ಲ? ಕೆಡಲಿಲ್ಲ. ಹೇಳಿದಂತೆ ಕೇಳಿದವರಿಗಿಂತ ಮಾತು ಕೇಳದವರ ಮೊಣಕಾಲೇ ಚೆನ್ನಾಗಿತ್ತು! ಬೇರೆ ಯಾರಾದರೂ ಆಗಿದ್ದರೆ ಗದರಿಸಿ ಸುಮ್ಮನಾಗುತ್ತಿದ್ದರೇನೋ. ಶೆಲ್ಬೋರ್ನ್ ತನ್ನ ನಿಯಮವನ್ನೇ ಸಂಶಯಿಸಿದರು. ಪಾಲ್ ನಿಟ್ಜ್ ಜೊತೆ ಸೇರಿ 1990ರಲ್ಲಿ ಹೊಸ ಕ್ರಮವನ್ನು ಪ್ರಕಟಿಸಿದರು: ಮೊದಲ ದಿನಗಳಿಂದಲೇ ಕಾಲು ನೇರ ಮಾಡಬೇಕು, ಬೇಗನೆ ಕಾಲಿಗೆ ಭಾರ ಕೊಟ್ಟು ನಡೆಯಬೇಕು. ಇವತ್ತು ಲೋಕದ ಹೆಚ್ಚಿನ ಆಸ್ಪತ್ರೆಗಳಲ್ಲಿ ಪ್ಲಾಸ್ಟರ್ ಇಲ್ಲ.

ಹಾಗಾದರೆ ನಮ್ಮ ಹುಡುಗ ಮಾತು ಕೇಳದೆ ಕಬಡ್ಡಿ ಆಡಿದರೂ ಆಗಬಹುದಲ್ಲ? ಅವನೂ ಬಸ್ಸಿನಲ್ಲಿ ಇದನ್ನೇ ಕೇಳಿದ. ಇಲ್ಲಿಯೇ ವಿಷಯ ಸೂಕ್ಷ್ಮವಾಗುವುದು. ನಡಿಗೆ ಬೇರೆ, ಕಬಡ್ಡಿ ಬೇರೆ.

ಮೊದಲ ವಾರಗಳು: ಸಣ್ಣ ವ್ಯಾಯಾಮ, ದೊಡ್ಡ ಕೆಲಸ

ಆಪರೇಷನ್ನಿನ ಮರುದಿನದಿಂದ ಅವನಿಗೆ ಕೊಟ್ಟ ವ್ಯಾಯಾಮ ನೋಡಿದರೆ ನಗು ಬರಬಹುದು. ಹಿಮ್ಮಡಿಯ ಕೆಳಗೆ ಬೈರಾಸು ಸುರುಳಿ ಸುತ್ತಿ ಇಟ್ಟು ಮೊಣಕಾಲು ತನ್ನಿಂದ ತಾನೇ ನೇರವಾಗಲು ಬಿಡುವುದು. ತೊಡೆಯ ಮುಂದಿನ ಸ್ನಾಯುವನ್ನು ಬಿಗಿದು ಹಿಡಿದು ಐದು ಎಣಿಸುವುದು. ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಕಾಲನ್ನು ನೇರವಾಗಿಟ್ಟುಕೊಂಡೇ ಹಾಸಿಗೆಯಿಂದ ಮೇಲಕ್ಕೆತ್ತುವುದು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮೆಲ್ಲನೆ ಕಾಲು ಮಡಚುವುದು.

"ತೊಡೆ ಬಿಗಿ ಅಂದ್ರು. ಬಿಗೀಲಿಕ್ಕೆ ಆಗ್ಲೇ ಇಲ್ಲ ಸರ್. ನನ್ನ ಕಾಲೇ ಅಲ್ಲ ಅಂತ ಅನ್ನಿಸ್ತು" ಎಂದ ಹುಡುಗ.

ಅದು ಸೋಮಾರಿತನ ಅಲ್ಲ. ತೊಡೆಯ ಮುಂದಿನ ಕ್ವಾಡ್ರಿಸೆಪ್ಸ್ ಸ್ನಾಯುವಿಗೆ ಪೆಟ್ಟಾಗಿರಲಿಲ್ಲ. ಆದರೆ ಕೀಲು ಬಾತಾಗ ಅಲ್ಲಿಂದ ಹೊರಡುವ ನರಸಂದೇಶಗಳು ಬೆನ್ನುಹುರಿಯ ಮಟ್ಟದಲ್ಲೇ ಆ ಸ್ನಾಯುವಿಗೆ ತಡೆ ಹಾಕುತ್ತವೆ. 1984ರ ಒಂದು ಪ್ರಯೋಗದಲ್ಲಿ ಆರೋಗ್ಯವಂತರ ಮೊಣಕಾಲಿನೊಳಗೆ ಉಪ್ಪುನೀರಿನ ದ್ರಾವಣ ಚುಚ್ಚಿ ಇದನ್ನು ಪರೀಕ್ಷಿಸಿದರು. ಬರೇ 20-30 ಮಿಲಿಲೀಟರ್, ಅಂದರೆ ಐದಾರು ಟೀ ಚಮಚದಷ್ಟು ದ್ರವ ಸೇರಿದಾಗಲೇ ತೊಡೆಯ ಒಳಬದಿಯ ಸ್ನಾಯು ಮಂಕಾಗತೊಡಗಿತು. ಗಾಯವೂ ಇಲ್ಲ, ಆಪರೇಷನ್ನೂ ಇಲ್ಲ, ಬರೇ ನೀರು! ಮೊದಲ ವಾರಗಳಲ್ಲಿ ಬಾವು ಇಳಿಸುವುದಕ್ಕೂ ತೊಡೆ ಬಿಗಿಯುವುದಕ್ಕೂ ಅಷ್ಟು ಮಹತ್ವ ಯಾಕೆಂದು ಈಗ ತಿಳಿಯಿತಲ್ಲ. ಆ ಸ್ನಾಯುವನ್ನು ಮತ್ತೆ ಎಬ್ಬಿಸದಿದ್ದರೆ ಮುಂದಿನ ಯಾವ ವ್ಯಾಯಾಮವೂ ಸರಿಯಾಗದು.

ಕಾಲು ಪೂರ್ತಿ ನೇರವಾಗುವುದೂ ಹಾಗೆಯೇ. ಐದು ಡಿಗ್ರಿ ಕಡಿಮೆಯಾದರೂ ನಡಿಗೆ ಕುಂಟಾಗುತ್ತದೆ. ಮಡಚುವುದು ಮೆಲ್ಲನೆ ಬಂದೀತು, ನೇರವಾಗುವುದು ಮೊದಲು ಬರಬೇಕು. ಊಟಕ್ಕೆ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಿನ ಶೌಚಾಲಯ, ಇವಕ್ಕೆಲ್ಲ ಕಾಲು ತುಂಬಾ ಮಡಚಬೇಕು. ಅವು ತಿಂಗಳುಗಳ ನಂತರದ ಮಾತು. ಅವನ ಮನೆಯಲ್ಲಿ ಶೌಚಕ್ಕೆ ಒಂದು ಕುರ್ಚಿಯ ವ್ಯವಸ್ಥೆ ಮಾಡಿದರು. ಆಗಸ್ಟಿನ ಮಳೆಗೆ ಅಂಗಳ ಪಾಚಿಗಟ್ಟಿತ್ತು. ಊರುಗೋಲು ಹಿಡಿದವನು ಅಲ್ಲಿ ಜಾರಿದರೆ ಮುಗಿಯಿತಲ್ಲ ಅಂತ ಅಮ್ಮ ಮೆಟ್ಟಿಲಿಂದ ಗೇಟಿನವರೆಗೆ ತೆಂಗಿನ ಮಡಲು ಹಾಸಿದರು. ಆ ತಿಂಗಳ ಒಳ್ಳೆಯ ಚಿಕಿತ್ಸೆಗಳಲ್ಲಿ ಅದೂ ಒಂದು.

ಬಸ್ಕಿಯೋ, ಕಾಲೆತ್ತುವುದೋ?

ಸ್ನಾಯು ಎಚ್ಚರವಾದ ಮೇಲೆ ಬಲ ಬರಿಸಬೇಕು. ಅದಕ್ಕೆ ಎರಡು ಬಗೆಯ ವ್ಯಾಯಾಮ. ಒಂದರಲ್ಲಿ ಪಾದ ನೆಲಕ್ಕೆ ಊರಿರುತ್ತದೆ. ಗೋಡೆಗೆ ಒರಗಿ ಅರ್ಧ ಬಸ್ಕಿ, ಮೆಟ್ಟಿಲು ಹತ್ತುವುದು, ಬೆಂಚಿನಿಂದ ಏಳುವುದು ಇದಕ್ಕೆ ಉದಾಹರಣೆ. ಇನ್ನೊಂದರಲ್ಲಿ ಪಾದ ಗಾಳಿಯಲ್ಲಿರುತ್ತದೆ. ಮೇಜಿನ ಮೇಲೆ ಕುಳಿತು, ಪಾದಕ್ಕೆ ಮರಳಿನ ಚೀಲ ಕಟ್ಟಿ, ಕಾಲನ್ನು ಮುಂದಕ್ಕೆ ಎತ್ತುವುದು ಇದಕ್ಕೆ ಉದಾಹರಣೆ.

ಇಲ್ಲಿ ನಮ್ಮ ಬಲಗಳ ಪಾಠ ಬರುತ್ತದೆ. ಒಂದು ಬಲವನ್ನು ಎರಡು ಘಟಕಗಳಾಗಿ ಬಿಡಿಸುವುದು ಕಲಿತಿದ್ದೀರಲ್ಲ? ಕ್ವಾಡ್ರಿಸೆಪ್ಸ್ ಎಳೆದಾಗ ಆ ಬಲ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಮೂಲಕ ಟಿಬಿಯಾಕ್ಕೆ ಮುಟ್ಟುತ್ತದೆ. ಕಾಲು ಹೆಚ್ಚುಕಡಿಮೆ ನೇರವಾಗಿರುವಾಗ ಆ ರಜ್ಜು ಸ್ವಲ್ಪ ಮುಂದಕ್ಕೆ ವಾಲಿರುತ್ತದೆ. ಆದ್ದರಿಂದ ಬಲದ ಒಂದು ಸಣ್ಣ ಘಟಕ ಟಿಬಿಯಾವನ್ನು ಮುಂದಕ್ಕೆ ಎಳೆಯುತ್ತದೆ. ಹಾಗೆ ಮುಂದಕ್ಕೆ ಹೋಗುವುದನ್ನು ತಡೆಯುವವರು ಯಾರು? ಎಸಿಎಲ್. ಅಂದರೆ ಹೊಸ ಕಸಿಯ ಮೇಲೆ ಎಳೆತ. ಮೊಣಕಾಲು 90 ಡಿಗ್ರಿಯ ಹತ್ತಿರ ಮಡಚಿರುವಾಗ ಅದೇ ರಜ್ಜು ಹಿಂದಕ್ಕೆ ವಾಲುತ್ತದೆ. ಆಗ ಅದೇ ಸ್ನಾಯು ಎಳೆದರೂ ಎಸಿಎಲ್‌ಗೆ ತೊಂದರೆಯಿಲ್ಲ. ಸ್ನಾಯು ಒಂದೇ, ಕೋನ ಬದಲಾದಾಗ ಫಲಿತಾಂಶ ಬದಲು.

ಪಾದ ಊರಿ ಬಸ್ಕಿ ಮಾಡುವಾಗ ಇನ್ನೂ ಎರಡು ಸಹಾಯ ಸಿಗುತ್ತವೆ. ಮೈಯ ಭಾರ ಎರಡೂ ಎಲುಬುಗಳನ್ನು ಒತ್ತಿ ಹಿಡಿಯುತ್ತದೆ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಜೊತೆಗೇ ಬಿಗಿದು ಟಿಬಿಯಾವನ್ನು ಹಿಂದಕ್ಕೆ ಎಳೆಯುತ್ತದೆ. ಹೀಗಾಗಿ ಬಹಳ ಕಾಲ "ಬಸ್ಕಿ ಒಳ್ಳೆಯದು, ಕುಳಿತು ಕಾಲೆತ್ತುವುದು ಕೆಟ್ಟದ್ದು" ಎಂಬ ನಿಯಮ ನಡೆಯಿತು.

ಆದರೆ ವಿಜ್ಞಾನದಲ್ಲಿ ನಿಯಮ ಅಂದ ಮೇಲೆ ಅಳೆದು ನೋಡಬೇಕು. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಬೆನ್ನನ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಸ್ವಯಂಸೇವಕರ ಎಸಿಎಲ್ ಮೇಲೆಯೇ ಒಂದು ಸಣ್ಣ ಸಂವೇದಕ ಕೂರಿಸಿ, ವ್ಯಾಯಾಮ ಮಾಡಿಸಿ, ರಜ್ಜು ಎಷ್ಟು ಹಿಗ್ಗುತ್ತದೆಂದು ಅಳೆದರು. ಸುಮಾರು 45 ನ್ಯೂಟನ್ ಭಾರ ಕಟ್ಟಿ ಕುಳಿತು ಕಾಲೆತ್ತಿದಾಗ ಹೆಚ್ಚೆಂದರೆ ಶೇಕಡಾ 3.8 ಹಿಗ್ಗಿತು. ಬಸ್ಕಿಯಲ್ಲಿ? ಶೇಕಡಾ 3.6. ಹೆಚ್ಚು ವ್ಯತ್ಯಾಸವೇ ಇಲ್ಲ! ಎರಡರಲ್ಲೂ ಹೆಚ್ಚಿನ ಹಿಗ್ಗು ಕಂಡದ್ದು ಕಾಲು ನೇರವಾಗುವ ಕೊನೆಯ ಕೋನಗಳಲ್ಲಿ. 60 ಮತ್ತು 90 ಡಿಗ್ರಿಯಲ್ಲಿ ಕಾಲನ್ನು ಅಲುಗಿಸದೆ ಕ್ವಾಡ್ರಿಸೆಪ್ಸ್ ಬಿಗಿದಾಗ ಹಿಗ್ಗು ಸೊನ್ನೆ.

ಆದ್ದರಿಂದ ಈಗ ಎರಡೂ ಬಗೆಯ ವ್ಯಾಯಾಮ ಬಳಸುತ್ತಾರೆ, ಕೋನ ಮತ್ತು ಭಾರ ನೋಡಿಕೊಂಡು. ನೆದರ್ಲೆಂಡ್ಸ್ ದೇಶದ ತಜ್ಞರು 2016ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಕುಳಿತು ಕಾಲೆತ್ತುವುದನ್ನು ನಾಲ್ಕನೇ ವಾರದಿಂದ ಶುರು ಮಾಡಬಹುದು. ಆದರೆ 90ರಿಂದ 45 ಡಿಗ್ರಿಯವರೆಗೆ ಮಾತ್ರ. ಆಮೇಲೆ ವಾರ ವಾರ ಕೋನ ಹೆಚ್ಚಿಸುತ್ತಾ ಹೋಗಬೇಕು. ಹ್ಯಾಮ್‌ಸ್ಟ್ರಿಂಗಿನಿಂದ ತೆಗೆದ ಕಸಿಯಾದರೆ ಮೊದಲ 12 ವಾರ ಹೆಚ್ಚಿನ ಭಾರ ಕಟ್ಟಬಾರದು. ಅದೇ ವ್ಯಾಯಾಮ ಒಬ್ಬನಿಗೆ ಔಷಧ, ಇನ್ನೊಬ್ಬನಿಗೆ ಅಪಾಯ. ಗೆಳೆಯನ ಆಪರೇಷನ್ ಚೀಟಿ ನೋಡಿಯೋ ಮೊಬೈಲಿನ ವಿಡಿಯೋ ನೋಡಿಯೋ ವ್ಯಾಯಾಮ ಮಾಡಬಾರದು ಅನ್ನುವುದು ಇದಕ್ಕೇ.

ನಮ್ಮ ಹುಡುಗ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಫಿಸಿಯೋಥೆರಪಿಗೆ ಹೋಗುತ್ತಿದ್ದ. ಉಳಿದ ದಿನ ಮನೆಯೇ ಜಿಮ್. ಕೆಂಪುಕಲ್ಲಿನ ಮೆಟ್ಟಿಲಿನಲ್ಲಿ ಹತ್ತಿ ಇಳಿಯುವುದು, ಜಗಲಿಯ ಗೋಡೆಗೆ ಒರಗಿ ಅರ್ಧ ಬಸ್ಕಿ. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದೂ ಒಂದು ವ್ಯಾಯಾಮವೇ. ಎಸಿಎಲ್ ಒಳಗೆ ನರತುದಿಗಳಿದ್ದು, ಕಾಲು ಎಲ್ಲಿದೆ, ಹೇಗೆ ತಿರುಗಿದೆ ಎಂಬ ಸುದ್ದಿಯನ್ನು ಮೆದುಳಿಗೆ ಕಳಿಸುತ್ತಿರುತ್ತವೆ. ರಜ್ಜು ಹರಿದಾಗ ಆ ತಂತಿಯೂ ಹರಿಯುತ್ತದೆ. ಸಮತೋಲನದ ವ್ಯಾಯಾಮದಿಂದ ಮೆದುಳು ಉಳಿದ ಸಂದೇಶಗಳನ್ನು ಬಳಸಲು ಕಲಿಯುತ್ತದೆ.

ಗೇರಿನ ಕಸಿ, ಮೊಣಕಾಲಿನ ಕಸಿ

ಫಿಸಿಯೋಥೆರಪಿಸ್ಟ್ ಮೇಡಂ ಹುಡುಗನ ಮಾತು ಪೂರ್ತಿ ಕೇಳಿದರು. ಆಮೇಲೆ ಕೇಳಿದರು:

"ನಿಮ್ಮಲ್ಲಿ ಗೇರಿನ ಕಸಿ ಗಿಡ ಉಂಟಾ?"

"ಉಂಟು ಮೇಡಂ."

"ಕಸಿ ಕಟ್ಟಿದ ಎರಡು ತಿಂಗಳಿಗೆ ಚಿಗುರು ಬರ್ತದೆ. ಆಗ ಆ ಗೆಲ್ಲಿಗೆ ನೇತಾಡ್ಲಿಕ್ಕೆ ಆಗ್ತದಾ?"

ಹುಡುಗ ನಕ್ಕ. ಉತ್ತರ ಅವನಿಗೆ ಗೊತ್ತಿತ್ತು.

ಮೊಣಕಾಲಿನಲ್ಲಿ ನಡೆಯುವುದೂ ಹೀಗೆಯೇ. ಕಸಿಯನ್ನು ಅದರ ಮೂಲ ಜಾಗದಿಂದ ಕಿತ್ತಾಗ ರಕ್ತನಾಳಗಳ ಸಂಪರ್ಕ ತಪ್ಪುತ್ತದೆ. ಮೊದಲ ವಾರಗಳಲ್ಲಿ ಅದರೊಳಗಿನ ಜೀವಕೋಶಗಳು ಸಾಯುತ್ತವೆ. ನಾರುಗಳ ಚೌಕಟ್ಟು ಮಾತ್ರ ಉಳಿಯುತ್ತದೆ. ಆಮೇಲೆ ಹೊಸ ಕೋಶಗಳು, ಹೊಸ ರಕ್ತನಾಳಗಳು ಒಳನುಗ್ಗಿ ಹಳೆಯ ನಾರುಗಳನ್ನು ಕಳಚಿ ಹೊಸದನ್ನು ನೇಯತೊಡಗುತ್ತವೆ. ಹಳೆ ಮನೆಯ ಮಾಡು ಬಿಚ್ಚಿ ಹೊಸತು ಹೊದಿಸುವಾಗ ನಡುವೆ ಒಂದಷ್ಟು ದಿನ ಮನೆಗೆ ಮಾಡೇ ಇರುವುದಿಲ್ಲವಲ್ಲ, ಹಾಗೆ. ಪ್ರಾಣಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಸುಮಾರು ಆರರಿಂದ ಎಂಟನೇ ವಾರದ ಹೊತ್ತಿಗೆ ಕಸಿ ಎಲ್ಲಕ್ಕಿಂತ ದುರ್ಬಲವಾಗಿರುವುದು ಕಂಡಿದೆ. ಆಮೇಲೆ ಮೆಲ್ಲಮೆಲ್ಲನೆ ಅದು ರಜ್ಜುವಿನ ರೂಪ ಪಡೆಯುತ್ತದೆ. ಮನುಷ್ಯರಲ್ಲಿ ಈ ಕೆಲಸ ಒಂದು ವರ್ಷ ಅಥವಾ ಅದಕ್ಕಿಂತಲೂ ಹೆಚ್ಚು ಕಾಲ ನಡೆಯುತ್ತದೆ.

ಇಲ್ಲೊಂದು ಮೋಸ ಉಂಟು. ನೋವು ಹೋಗುವುದು ಬೇಗ, ಬಾವು ಇಳಿಯುವುದು ಬೇಗ, ನಡಿಗೆ ಸರಿಯಾಗುವುದು ಬೇಗ. ಕಸಿ ಗಟ್ಟಿಯಾಗುವುದು ಮಾತ್ರ ತಡ. ಮೂರು ನಾಲ್ಕು ತಿಂಗಳಿಗೆ "ನನಗೆಂತ ಆಗಿಲ್ಲ" ಅನ್ನಿಸುತ್ತದೆ. ಕಸಿಗೆ ನೋವಿನ ಭಾಷೆ ಬರುವುದಿಲ್ಲ, ಅದು ಎಚ್ಚರಿಸುವುದಿಲ್ಲ.

"ನೋವಿಲ್ಲ" ಎಂಬುದು ಪರೀಕ್ಷೆಯಲ್ಲ

ಮೇಡಂ ಅವನಿಗೆ ಒಂದು ಸಣ್ಣ ಪರೀಕ್ಷೆ ಕೊಟ್ಟರು. ಬೆಂಚಿನ ಮೇಲೆ ಕುಳಿತು, ಕೈ ಊರದೆ, ಒಂದೇ ಕಾಲಲ್ಲಿ ಏಳಬೇಕು, ಕೂರಬೇಕು. ಬಲಗಾಲಲ್ಲಿ 22 ಸಲ ಎದ್ದ. ಎಡಗಾಲಲ್ಲಿ 13ಕ್ಕೆ ತೊಡೆ ನಡುಗಿ ಕುಸಿದು ಕೂತ. 13ನ್ನು 22ರಿಂದ ಭಾಗಿಸಿ 100ರಿಂದ ಗುಣಿಸಿ: ಶೇಕಡಾ 59. ಅವನ ಮುಖ ಸಣ್ಣದಾಯಿತು. ನೋವಿಲ್ಲದ ಕಾಲು ಇನ್ನೊಂದು ಕಾಲಿನ ಮುಕ್ಕಾಲು ಪಾಲೂ ಕೆಲಸ ಮಾಡುತ್ತಿರಲಿಲ್ಲ.

ಆಟಕ್ಕೆ ಮರಳುವ ಮೊದಲು ಇಂಥ ಹಲವು ಪರೀಕ್ಷೆಗಳಿವೆ. ತೊಡೆಯ ಮುಂದಿನ ಸ್ನಾಯುವಿನ ಬಲ ಅಳೆಯುವುದು, ಒಂಟಿಕಾಲಲ್ಲಿ ಎಷ್ಟು ದೂರ ಜಿಗಿಯುತ್ತಾನೆ, ಒಂಟಿಕಾಲಲ್ಲಿ 6 ಮೀಟರ್ ಕುಪ್ಪಳಿಸಲು ಎಷ್ಟು ಸೆಕೆಂಡ್ ಬೇಕು, ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ವಾಲುತ್ತದೆಯೇ ಎಂದು ನೋಡುವುದು. ಹೆಚ್ಚಾಗಿ ಆಪರೇಷನ್ ಆದ ಕಾಲು ಇನ್ನೊಂದು ಕಾಲಿನ ಶೇಕಡಾ 90ಕ್ಕಿಂತ ಹೆಚ್ಚು ಮಾಡಬೇಕು ಎನ್ನುತ್ತಾರೆ.

ಇದು ಬರೇ ಕಟ್ಟುನಿಟ್ಟಿಗಾಗಿ ಮಾಡಿದ ನಿಯಮವಲ್ಲ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು ಆಪರೇಷನ್ ಆದ ನೂರರಷ್ಟು ಆಟಗಾರರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಗಳಲ್ಲಿ ಪಾಸಾಗದೆ ಆಟಕ್ಕೆ ಮರಳಿದವರಲ್ಲಿ ಶೇಕಡಾ 38.2 ಮಂದಿಯ ಮೊಣಕಾಲಿಗೆ ಮತ್ತೆ ಪೆಟ್ಟಾಯಿತು. ಪಾಸಾಗಿ ಮರಳಿದವರಲ್ಲಿ ಶೇಕಡಾ 5.6 ಮಾತ್ರ. ಒಂಬತ್ತು ತಿಂಗಳವರೆಗೆ, ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮರುಪೆಟ್ಟಿನ ಪ್ರಮಾಣ ಶೇಕಡಾ 51ರಂತೆ ಇಳಿಯುತ್ತಾ ಹೋಯಿತು. ಅಂದರೆ ಪ್ರತಿ ತಿಂಗಳಿಗೂ ಹೆಚ್ಚುಕಡಿಮೆ ಅರ್ಧ!

ಶೆಲ್ಬೋರ್ನ್ ಕಂಡದ್ದೂ ನಿಜ, ಇದೂ ನಿಜ. ಕೀಲಿಗೆ ಚಲನೆ ಬೇಗ ಬೇಕು, ಸ್ನಾಯುವಿಗೆ ಕೆಲಸ ಬೇಗ ಬೇಕು. ಕಸಿಗೆ ತಿರುಚುವ ಆಟ ಮಾತ್ರ ತಡವಾಗಿಯೇ ಬೇಕು. ನಡಿಗೆ ಬೇಗ, ಕಬಡ್ಡಿ ತಡ.

ದೊಡ್ಡವರೂ ಕಾದಿದ್ದಾರೆ

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗ ಮಾತಾಡಲಿಲ್ಲ. ನಾನು ವಿನೇಶ್ ಫೋಗಟ್ ಕತೆ ಹೇಳಿದೆ. 2016ರ ರಿಯೋ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್ ಕುಸ್ತಿಯಲ್ಲಿ ಆಕೆಯ ಮೊಣಕಾಲು ತಿರುಚಿ, ಸ್ಟ್ರೆಚರಿನಲ್ಲಿ ಹೊತ್ತು ಹೊರಗೆ ತರಬೇಕಾಯಿತು. ಆಪರೇಷನ್ ಆಯಿತು. 2018ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಆಕೆ ಚಿನ್ನ ಗೆದ್ದಳು. ಏಷ್ಯನ್ ಗೇಮ್ಸ್ ಕುಸ್ತಿಯಲ್ಲಿ ಚಿನ್ನ ಗೆದ್ದ ಭಾರತದ ಮೊದಲ ಮಹಿಳೆ ಆಕೆ. 2023ರ ಆಗಸ್ಟ್‌ನಲ್ಲಿ ಮತ್ತೆ ಮೊಣಕಾಲಿನ ಆಪರೇಷನ್. ಒಂದು ವರ್ಷದ ಬಳಿಕ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಮೂರು ಕುಸ್ತಿ ಗೆದ್ದು ಫೈನಲಿಗೆ ಏರಿದಳು. ಫೈನಲಿನ ದಿನ ತೂಕದ ಕಾರಣಕ್ಕೆ ಅನರ್ಹಳಾದದ್ದು ಬೇರೆ ವಿಷಯ. ಮೊಣಕಾಲು ಮಾತ್ರ ಕೈಕೊಡಲಿಲ್ಲ.

ಕ್ರಿಕೆಟಿಗ ರಿಷಭ್ ಪಂತ್ ಅವರದು ನಮಗೆ ಇನ್ನೂ ಹತ್ತಿರದ ಕತೆ. 2022ರ ಡಿಸೆಂಬರ್ 30ರಂದು ಕಾರು ಅಪಘಾತದಲ್ಲಿ ಅವರ ಬಲ ಮೊಣಕಾಲಿನ ರಜ್ಜುಗಳು ಹರಿದವು. ಮುಂಬಯಿಯಲ್ಲಿ ಆಪರೇಷನ್, ಆಮೇಲೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ವ್ಯಾಯಾಮ. ಈಜುಕೊಳದ ನೀರಿನಲ್ಲಿ ಕೋಲು ಊರಿ ಹೆಜ್ಜೆ ಹಾಕಿದ ವಿಡಿಯೋ ಅವರೇ ಹಾಕಿದ್ದರು. ನೀರಿನಲ್ಲಿ ಯಾಕೆ? ಆರ್ಕಿಮಿಡೀಸನನ್ನು ಕೇಳಿ! ಎದೆಮಟ್ಟದ ನೀರಿನಲ್ಲಿ ಕಾಲಿನ ಮೇಲೆ ಬೀಳುವ ಭಾರ ತುಂಬಾ ಕಡಿಮೆ. ಪಂತ್ ಮತ್ತೆ ಆಟಕ್ಕಿಳಿದದ್ದು 2024ರ ಮಾರ್ಚ್ 23ರಂದು, ಹದಿನಾಲ್ಕು ತಿಂಗಳು ಕಳೆದ ಮೇಲೆ. ಎಲ್ಲ ಸೌಕರ್ಯ ಇದ್ದವರೂ ಕಸಿಯ ಗಡಿಯಾರವನ್ನು ಓಡಿಸಲಾರರು.

ಬಸ್ಸಿಳಿದು ಅವನ ಮನೆಗೂ ಹೋದೆ. ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದರು. ನಾನು ಮಾತು ತೆಗೆಯುವ ಮೊದಲೇ ಅವರೇ ಹೇಳಿದರು: "ಆಟ ಬೇಡ ಅಂತ ಅಲ್ಲ ಸರ್. ಮೊದಲಿನ ಆಪರೇಷನ್ನಿನ ಸಾಲ ಇನ್ನೂ ತೀರ್ಲಿಲ್ಲ. ಇನ್ನೊಂದು ಸಲ ಹರಿದ್ರೆ ನಾನು ಎಲ್ಲಿಂದ ತರ್ಲಿ?"

ನಾನು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಹುಡುಗನೇ ಹೇಳಿದ: "ಇಲ್ಲಮ್ಮ, ಈ ಸಲ ಆಡುದಿಲ್ಲ. ನೂರರಲ್ಲಿ ಐವತ್ತೊಂಬತ್ತೇ ಬಂದದ್ದು."

ಜನವರಿಯ ಪಂದ್ಯಾಟದಲ್ಲಿ ಅವನು ಅಂಕಪಟ್ಟಿಯ ಮೇಜಿನಲ್ಲಿ ಕೂತಿದ್ದ. ಮಾರ್ಚ್‌ನಲ್ಲಿ, ಏಳನೇ ತಿಂಗಳಿಗೆ, ಒಂಟಿಕಾಲಿನ ಜಿಗಿತ ಅಳೆದರು. ಬಲಗಾಲಿಗೆ 158 ಸೆಂಟಿಮೀಟರ್, ಎಡಗಾಲಿಗೆ 128. ಶೇಕಡಾ 81. ಜೂನ್‌ನಲ್ಲಿ 164 ಮತ್ತು 152. ಶೇಕಡಾ 92.7. ತೊಡೆಯ ಬಲದ ಪರೀಕ್ಷೆಯಲ್ಲೂ ಪಾಸು. ಆದರೂ ನೇರ ರೈಡಿಗೆ ಇಳಿಸಲಿಲ್ಲ. ಮೊದಲು ಒಬ್ಬನೇ ತಿರುಗುವ ಓಟ, ಆಮೇಲೆ ಹಿಡಿತವಿಲ್ಲದ ಅಭ್ಯಾಸ, ಆಮೇಲೆ ಹಿಡಿತ. ಈ ವರ್ಷದ ಉಪಜಿಲ್ಲಾ ಪಂದ್ಯದಲ್ಲಿ ಆಡಿದ. ತಂಡ ಸೆಮಿಫೈನಲಿನಲ್ಲಿ ಸೋತಿತು. ಅವನು ನಡೆದುಕೊಂಡೇ ಹೊರಗೆ ಬಂದ.

ಹರಿಯದಂತೆ ನೋಡಿಕೊಳ್ಳಲು

ಒಂದೇ ಆಟವನ್ನು ಆಡುವ ಹುಡುಗರಿಗಿಂತ ಹುಡುಗಿಯರಿಗೆ ಎಸಿಎಲ್ ಪೆಟ್ಟಿನ ಅಪಾಯ ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ. ಹಾಗೆಂದು ಹುಡುಗಿಯರು ಆಡಬಾರದು ಎಂದಲ್ಲ, ತಯಾರಿ ಸರಿಯಾಗಿರಬೇಕು ಎಂದು ಅರ್ಥ. ನಾರ್ವೆಯಲ್ಲಿ 13ರಿಂದ 17 ವರ್ಷದ 1892 ಫುಟ್‌ಬಾಲ್ ಹುಡುಗಿಯರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಕ್ಕೆ ಮೊದಲು ಸುಮಾರು 20 ನಿಮಿಷದ ಕ್ರಮಬದ್ಧ ವ್ಯಾಯಾಮ ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾದವು. ಅದರಲ್ಲಿ ಇದ್ದದ್ದು ಮೆಲ್ಲಗಿನ ಓಟ, ಬಸ್ಕಿ, ಒಂಟಿಕಾಲ ಸಮತೋಲನ, ಜಿಗಿದು ಮೆತ್ತಗೆ ಇಳಿಯುವುದು, ದಿಕ್ಕು ಬದಲಿಸಿ ಓಡುವುದು. ಉಪಕರಣ ಬೇಡ, ಅಂಗಳ ಸಾಕು.

ಇಳಿಯುವಾಗ ಮೊಣಕಾಲು ಮಡಚಿರಲಿ, ಪಾದದ ಬೆರಳುಗಳ ದಿಕ್ಕಿಗೇ ಇರಲಿ, ಒಳಕ್ಕೆ ವಾಲದಿರಲಿ. ಆಡುವಾಗ 'ಟಪ್' ಎಂದ ಸದ್ದಾಗಿ ಮೊಣಕಾಲು ಬೇಗನೆ ಬಾತರೆ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕಾಲು ಎತ್ತರಿಸಿ, ವೈದ್ಯರಿಗೆ ತೋರಿಸಿ. ಉಳುಕು ತೆಗೆಯುತ್ತೇವೆಂದು ಆ ಕಾಲನ್ನು ಎಳೆಯಲು, ಬಲವಾಗಿ ತಿಕ್ಕಲು ಯಾರಿಗೂ ಬಿಡಬೇಡಿ.

ಮಾಡಿ ನೋಡಿ

ಮೊಣಕಾಲಿಗೆ ಪೆಟ್ಟಾಗದವರು ಮಾತ್ರ ಇದನ್ನು ಮಾಡಿ. ಕುಂಟಾಬಿಲ್ಲೆ ಆಡುವ ಹಾಗೆ ಒಂಟಿಕಾಲಲ್ಲಿ ನಿಂತು ಮುಂದಕ್ಕೆ ಜಿಗಿದು, ಅದೇ ಕಾಲಲ್ಲಿ ಇಳಿದು ಎರಡು ಸೆಕೆಂಡ್ ಅಲುಗದೆ ನಿಲ್ಲಿ. ದೂರವನ್ನು ಟೇಪಿನಲ್ಲಿ ಅಳೆಯಿರಿ. ಎರಡೂ ಕಾಲಿಗೆ ಮೂರು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಕಡಿಮೆಯದನ್ನು ಹೆಚ್ಚಿನದರಿಂದ ಭಾಗಿಸಿ ಶೇಕಡಾ ಮಾಡಿ. ತರಗತಿಯ ಎಲ್ಲರ ಅಂಕಿಗಳನ್ನು ಒಂದು ಕೋಷ್ಟಕದಲ್ಲಿ ಬರೆಯಿರಿ. ನೂರಕ್ಕೆ ನೂರು ಎಷ್ಟು ಮಂದಿಗೆ ಬಂತು? ಪೆಟ್ಟಾಗದವರಲ್ಲೂ ಎರಡು ಕಾಲು ಸಮ ಇದೆಯೇ? ಪೆಟ್ಟಾದವನಿಗೆ ಶೇಕಡಾ 100 ಅಲ್ಲ, 90 ಸಾಕು ಅಂದದ್ದು ಯಾಕಿರಬಹುದು?

ಉತ್ತರ ನಿಮ್ಮ ಕೋಷ್ಟಕದಲ್ಲೇ ಉಂಟು.